ಲೂಪಸ್ ಇರುವ ತಂಗಿಗೆ ಮೂತ್ರದಲ್ಲಿ ಪ್ರೋಟೀನ್: ಬಯಾಪ್ಸಿ ಬೇಕೇ ಬೇಕಾ?

ಪ್ರಶ್ನೆ: ನನ್ನ ತಂಗಿಗೆ 24 ವರ್ಷ. ಎರಡು ವರ್ಷದ ಹಿಂದೆ ಲೂಪಸ್ ಅಂತ ಗೊತ್ತಾಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಕೀಲುನೋವು, ಕೆನ್ನೆಯ ಕೆಂಪು ಎಲ್ಲ ಕಡಿಮೆಯಾಗಿ ಈಗ ಆರಾಮಾಗಿದ್ದಾಳೆ. ಈ ಸಲ ಮಾಮೂಲಿ ಟೆಸ್ಟ್ ಮಾಡಿಸಿದಾಗ ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್ ಬಂತು. ಪ್ರೋಟೀನ್-ಕ್ರಿಯೇಟಿನಿನ್ ಅನುಪಾತ 1.4. ರಕ್ತದ ಕ್ರಿಯೇಟಿನಿನ್ ಮಾತ್ರ 0.8, ನಾರ್ಮಲ್ ಅಂತಲೇ ರಿಪೋರ್ಟಿನಲ್ಲಿದೆ. ಸೊಂಟ ನೋವಿಲ್ಲ, ಉರಿಮೂತ್ರ ಇಲ್ಲ. ಆದರೂ ಡಾಕ್ಟರು ಕಿಡ್ನಿ ಬಯಾಪ್ಸಿ ಮಾಡಿಸಿ ಅನ್ನುತ್ತಿದ್ದಾರೆ. ಆರಾಮಾಗಿರುವ ಹುಡುಗಿಗೆ ಸುಮ್ನೆ ಸೂಜಿ ಚುಚ್ಚಿಸಬೇಕಾ? ಮುಂದೆ ಡಯಾಲಿಸಿಸ್ ಆಗುತ್ತದಾ? ಮದುವೆ, ಮಕ್ಕಳು ಸಾಧ್ಯವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಬಯಾಪ್ಸಿ (ಸೂಜಿಯಿಂದ ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸಿ. ರಜೆ ಸಿಗಲಿ, ಈ ಕೆಲಸ ಮುಗಿಯಲಿ ಅಂತ ತಿಂಗಳುಗಟ್ಟಲೆ ಮುಂದೂಡಬೇಡಿ. ಗಾಬರಿ ಬೀಳುವ ಅಗತ್ಯವಿಲ್ಲ, ಹಾಗಂತ ನೋಡೋಣ ಅಂತ ಕೂರುವ ಹೊತ್ತೂ ಇದಲ್ಲ. ನಿಮ್ಮ ಪತ್ರದಲ್ಲಿ 'ಆರಾಮ' ಅನ್ನುವ ಮಾತು ಎರಡು ಸಲ ಬಂದಿದೆ. ನನ್ನ ಉತ್ತರ ಹೆಚ್ಚುಕಮ್ಮಿ ಆ ಮಾತಿನ ಸುತ್ತಲೇ ಸುತ್ತುತ್ತದೆ.

ಕಿಡ್ನಿ ನೋಯುವುದು ಯಾವಾಗ? ಅದರ ಹೊರಪೊರೆ ಹಿಗ್ಗಿದಾಗ, ಅಥವಾ ಕಲ್ಲು ಬಂದು ಮೂತ್ರನಾಳ ಕಟ್ಟಿಕೊಂಡಾಗ. ಲೂಪಸ್ ಅಂದರೆ ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಅದು ಕೈ ಹಾಕುವುದು ಅಲ್ಲಿಗಲ್ಲ, ಒಳಗಿರುವ ಸಣ್ಣ ಸಣ್ಣ ಸೋಸುಗಂಟುಗಳಿಗೆ. ಅಲ್ಲಿ ಉರಿ ಹತ್ತಿದರೂ ಸೊಂಟಕ್ಕೆ ಸುದ್ದಿ ಮುಟ್ಟುವುದಿಲ್ಲ. ಉರಿಮೂತ್ರ ಬರುವುದು ಸಾಮಾನ್ಯವಾಗಿ ಸೋಂಕಿನಲ್ಲಿ, ಲೂಪಸ್‌ನಲ್ಲಿ ಅಲ್ಲ. ಹಾಗಾಗಿ ನಿಮ್ಮ ತಂಗಿಗೆ ಏನೂ ಅನಿಸುತ್ತಿಲ್ಲ ಅನ್ನುವುದು ನಿಜ, ಆದರೆ ಕಿಡ್ನಿ ಚೆನ್ನಾಗಿದೆ ಅನ್ನುವುದಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಲೂಪಸ್ ಇರುವ ನೂರು ಜನರಲ್ಲಿ ಸುಮಾರು 40 ಜನಕ್ಕೆ ಒಂದಲ್ಲ ಒಂದು ಹಂತದಲ್ಲಿ ಕಿಡ್ನಿಗೂ ತಗಲುತ್ತದೆ. ಅದರಲ್ಲಿ ಬಹುಪಾಲು ಮೊದಲ ಐದು ವರ್ಷದೊಳಗೆ. ಎರಡನೇ ವರ್ಷದಲ್ಲಿರುವ 24ರ ಹುಡುಗಿ ಸರಿಯಾಗಿ ಆ ಅವಧಿಯಲ್ಲೇ ಇದ್ದಾಳೆ. ಮಾಮೂಲಿ ಮೂತ್ರ ಪರೀಕ್ಷೆ ಮಾಡಿಸಿದ್ದಕ್ಕೇ ಇದು ಸಿಕ್ಕಿತು. ಬರೆದುಕೊಟ್ಟ ಡಾಕ್ಟರಿಗೂ, ತಪ್ಪದೆ ಮಾಡಿಸಿದ ನಿಮಗೂ ಅದರ ಕ್ರೆಡಿಟ್ಟು ಸಲ್ಲಬೇಕು.

ಈಗ ಒಳಗೆ ಏನಾಗುತ್ತಿದೆ ಅಂತ ನೋಡೋಣ. ನಮ್ಮ ಮೈಯಲ್ಲಿ ದಿನವೂ ಲೆಕ್ಕವಿಲ್ಲದಷ್ಟು ಜೀವಕೋಶಗಳು ಸಾಯುತ್ತವೆ. ಅವುಗಳ ಒಳಗಿನ ಡಿಎನ್‌ಎ ಚೂರುಗಳು ಹೊರಗೆ ಬೀಳುತ್ತವೆ, ದೇಹ ಸದ್ದಿಲ್ಲದೆ ಗುಡಿಸಿ ಹಾಕುತ್ತದೆ. ಲೂಪಸ್‌ನಲ್ಲಿ ಈ ಗುಡಿಸುವ ಕೆಲಸ ಸರಿಯಾಗಿ ಆಗುವುದಿಲ್ಲ. ಅದರ ಮೇಲೆ, ರೋಗನಿರೋಧಕ ವ್ಯವಸ್ಥೆ ಆ ಚೂರುಗಳನ್ನೇ ಶತ್ರು ಅಂದುಕೊಂಡು ಅವುಗಳ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ. ರಿಪೋರ್ಟಿನಲ್ಲಿ 'ಆಂಟಿ ಡಿಎಸ್ ಡಿಎನ್‌ಎ' ಅಂತ ಕಾಣುತ್ತದಲ್ಲ, ಅದು ಇದೇ. ಆಂಟಿಬಾಡಿ ಮತ್ತು ಚೂರು ಅಂಟಿಕೊಂಡು ಸಣ್ಣ ಗಂಟಾಗುತ್ತದೆ. ಆ ಗಂಟು ರಕ್ತದಲ್ಲಿ ತಿರುಗುತ್ತಾ ಎಲ್ಲಾದರೂ ಸಿಕ್ಕಿಕೊಳ್ಳಲೇಬೇಕು, ಅಲ್ವಾ?

ಸಿಕ್ಕಿಕೊಳ್ಳಲು ಕಿಡ್ನಿಗಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಹೃದಯ ಪಂಪು ಮಾಡುವ ರಕ್ತದ ಸುಮಾರು ಐದನೇ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲೂ ಹತ್ತು ಲಕ್ಷದ ಆಸುಪಾಸು ಸೋಸುಗಂಟುಗಳಿವೆ. ಗ್ಲೋಮೆರುಲಸ್ ಅಂತ ಅದರ ಹೆಸರು. ನೂಲಿನ ಉಂಡೆಯ ಹಾಗೆ ಸುತ್ತಿಕೊಂಡ ಅತಿ ಸಣ್ಣ ರಕ್ತನಾಳಗಳು. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರ್‌ನಷ್ಟು ಮಾತ್ರ ಮೂತ್ರವಾಗಿ ಹೊರಬರುತ್ತದೆ, ಉಳಿದದ್ದನ್ನು ಕಿಡ್ನಿ ವಾಪಸ್ ಎಳೆದುಕೊಳ್ಳುತ್ತದೆ. ಇಷ್ಟು ದ್ರವ ಇಷ್ಟು ಒತ್ತಡದಲ್ಲಿ ಹಾಯುವ ಜಾಲರಿಯಲ್ಲಿ ಕಸ ಕಟ್ಟದೆ ಇರುತ್ತದಾ?

ಕಸ ಕಟ್ಟಿದ್ದರಿಂದಷ್ಟೇ ಹಾನಿಯಾಗುವುದಿಲ್ಲ. ಅದನ್ನು ತೆಗೆಯಲು ಬಂದವರು ಮಾಡುವ ಗಲಾಟೆ ದೊಡ್ಡದು. ಕಾಂಪ್ಲಿಮೆಂಟ್ ಅನ್ನುವ ರಕ್ತದ ಪ್ರೋಟೀನುಗಳು ಮೊದಲು ಎಚ್ಚರಗೊಂಡು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಅವು ಬಂದು ಕಸದ ಜೊತೆಗೆ ಜಾಲರಿಯನ್ನೂ ಸುಡುತ್ತವೆ. ಈ ಗಲಾಟೆಯಲ್ಲಿ ಕಾಂಪ್ಲಿಮೆಂಟ್ ಖರ್ಚಾಗುವುದರಿಂದಲೇ ರಕ್ತ ಪರೀಕ್ಷೆಯಲ್ಲಿ ಸಿ3, ಸಿ4 ಕಡಿಮೆ ಬರುವುದು. ನಿಮ್ಮ ತಂಗಿಯ ರಿಪೋರ್ಟಿನಲ್ಲಿ ಇವೆರಡು ಇದ್ದರೆ ನೋಡಿ. ಕಡಿಮೆ ಇದ್ದು, ಡಿಎನ್‌ಎ ಆಂಟಿಬಾಡಿ ಜಾಸ್ತಿ ಇದ್ದರೆ ಕಿಡ್ನಿಯಲ್ಲಿ ಲೂಪಸ್ ಎದ್ದಿರುವ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಇನ್ನು ಕ್ರಿಯೇಟಿನಿನ್ 0.8. ಇದು ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಕಿಡ್ನಿಗೆ ಮೀಸಲು ಶಕ್ತಿ ಜಾಸ್ತಿ. ಕೆಲವು ಸೋಸುಗಂಟುಗಳು ಕೈಕೊಟ್ಟರೆ ಉಳಿದವು ಅವುಗಳ ಪಾಲಿನ ಕೆಲಸವನ್ನೂ ಎಳೆಯುತ್ತವೆ. ಹಾಗಾಗಿ ಅರ್ಧದಷ್ಟು ಕೆಲಸ ನಿಂತ ಮೇಲೂ ಕೆಲವರಲ್ಲಿ ಕ್ರಿಯೇಟಿನಿನ್ ನಾರ್ಮಲ್ ಗೆರೆಯ ಒಳಗೇ ಕಾಣುತ್ತದೆ. ಮನೆಯಲ್ಲಿರುವ ಹಳೇ ರಿಪೋರ್ಟ್ ತೆಗೆದು ನೋಡಿ. ಎರಡು ವರ್ಷದ ಹಿಂದೆಯೂ 0.8 ಇದ್ದರೆ ಸಮಾಧಾನ. ಆಗ 0.5 ಇದ್ದು ಈಗ 0.8 ಆಗಿದ್ದರೆ? ಎರಡೂ ನಾರ್ಮಲ್ಲೇ. ಆದರೆ ಸೋಸುವ ವೇಗ ಸಾಕಷ್ಟು ಇಳಿದಿದೆ ಅಂತ ಅರ್ಥ. ಲ್ಯಾಬಿನ ಗೆರೆಗಿಂತ ಅವಳದೇ ಹಳೇ ಸಂಖ್ಯೆ ಜೊತೆ ಹೋಲಿಸುವುದು ಮುಖ್ಯ.

ಮೂತ್ರ ಮಾತ್ರ ಬೇಗ ಹೇಳಿಬಿಡುತ್ತದೆ. ಪ್ರೋಟೀನ್-ಕ್ರಿಯೇಟಿನಿನ್ ಅನುಪಾತ ಸಾಮಾನ್ಯವಾಗಿ 0.2ಕ್ಕಿಂತ ಕಡಿಮೆ ಇರಬೇಕು. ಲೂಪಸ್ ಇರುವವರಲ್ಲಿ 0.5 ದಾಟಿ ಅಲ್ಲೇ ನಿಂತರೆ ನಾವು ಬಯಾಪ್ಸಿ ಮಾತಾಡಲು ಶುರು ಮಾಡುತ್ತೇವೆ. 1.4 ಅಂದರೆ ದಿನಕ್ಕೆ ಹೆಚ್ಚುಕಮ್ಮಿ 1.4 ಗ್ರಾಂ ಪ್ರೋಟೀನ್ ಸೋರುತ್ತಿದೆ. ಒಂದು ಸಲ ಬಂದದ್ದನ್ನು ಇನ್ನೊಂದು ಸಲ ಖಚಿತ ಮಾಡಿಕೊಳ್ಳಬೇಕು, ಅದು ನಿಜ. ಜ್ವರ ಇದ್ದಾಗ, ಮೂತ್ರದ ಸೋಂಕು ಇದ್ದಾಗ, ಜೋರಾಗಿ ವ್ಯಾಯಾಮ ಮಾಡಿದ ಮೇಲೆ ಪ್ರೋಟೀನ್ ಸುಳ್ಳೇ ಏರುತ್ತದೆ. ಮುಟ್ಟಿನ ದಿನಗಳಲ್ಲಿ ಕೊಟ್ಟ ಮೂತ್ರದಲ್ಲಿ ರಕ್ತಕಣ ಕಂಡರೆ ಅದಕ್ಕೆ ಅರ್ಥವಿಲ್ಲ. ಬೆಳಗಿನ ಮೊದಲ ಮೂತ್ರ ಕೊಡಲಿ, ಮುಟ್ಟು ಮುಗಿದು ಎರಡು ಮೂರು ದಿನ ಆದ ಮೇಲೆ.

ನನಗೆ ಇಷ್ಟವಾದ ಇನ್ನೊಂದು ಪರೀಕ್ಷೆ ಇದೆ. ಯಂತ್ರ ಬಂದ ಮೇಲೆ ಇದನ್ನು ಮಾಡುವವರು ಕಡಿಮೆಯಾಗಿದ್ದಾರೆ. ಆಗ ತಾನೇ ಕೊಟ್ಟ ಮೂತ್ರವನ್ನು ಗಿರಗಿರ ತಿರುಗಿಸಿ, ತಳದಲ್ಲಿ ಕೂತ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೂತ್ರಕೋಶದಿಂದಲೋ ಕಲ್ಲಿನಿಂದಲೋ ಬಂದ ಕೆಂಪು ರಕ್ತಕಣ ದುಂಡಗೆ, ನೀಟಾಗಿ ಇರುತ್ತದೆ. ಸೋಸುಗಂಟಿನ ಜಾಲರಿ ಹರಿದು ನುಸುಳಿ ಬಂದದ್ದು ಸೊಟ್ಟಗಾಗಿರುತ್ತದೆ, ಪಕ್ಕದಲ್ಲಿ ಕಿವಿ ಮೂಡಿದ ಹಾಗೆ ಗುಳ್ಳೆ ಎದ್ದಿರುತ್ತದೆ. ಕೆಲವೊಮ್ಮೆ ಕಣಗಳೆಲ್ಲ ಸೇರಿ ಕಿಡ್ನಿಯ ಕೊಳವೆಯ ಅಚ್ಚಿನಲ್ಲೇ ಎರಕ ಹೊಯ್ದ ಹಾಗೆ ಉದ್ದುದ್ದ ತುಂಡಾಗಿ ಬರುತ್ತವೆ. ಆ ಒಂದು ತುಂಡು ಕಂಡರೆ ಸಾಕು, ಉರಿಯೂತ ಸೋಸುಗಂಟಿನಲ್ಲೇ ಇದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

ಹಾಗಾದರೆ ಬಯಾಪ್ಸಿ ಯಾಕೆ, ಮೂತ್ರವೇ ಎಲ್ಲ ಹೇಳಿತಲ್ಲ ಅನ್ನಬಹುದು. ಮೂತ್ರ 'ಸೋರುತ್ತಿದೆ' ಅಂತ ಹೇಳುತ್ತದೆ, ಯಾಕೆ ಸೋರುತ್ತಿದೆ, ಎಷ್ಟು ಕೆಟ್ಟಿದೆ ಅಂತ ಹೇಳುವುದಿಲ್ಲ. ಕಸ ಜಾಲರಿಯ ಯಾವ ಬದಿಯಲ್ಲಿ ಕೂತಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಡುವಿನ ಆಧಾರದ ಭಾಗದಲ್ಲಿ ಮಾತ್ರ ಕೂತಿದ್ದರೆ ಕಾಯಿಲೆ ಹಗುರ, ಅದಕ್ಕೆ ಕ್ಲಾಸ್ 1, ಕ್ಲಾಸ್ 2 ಅನ್ನುತ್ತೇವೆ. ರಕ್ತದ ಬದಿಯಲ್ಲಿ ಕೂತಿದ್ದರೆ ಬಿಳಿಕಣಗಳಿಗೆ ನೇರ ದಾರಿ, ಉರಿಯೂತ ಜೋರು. ಅರ್ಧಕ್ಕಿಂತ ಕಡಿಮೆ ಸೋಸುಗಂಟುಗಳಲ್ಲಿ ಹಾಗಿದ್ದರೆ ಕ್ಲಾಸ್ 3, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕ್ಲಾಸ್ 4. ಮೂತ್ರದ ಬದಿಯಲ್ಲಿ ಕೂತಿದ್ದರೆ ಕ್ಲಾಸ್ 5. ಅಲ್ಲಿಗೆ ಬಿಳಿಕಣಗಳು ಸುಲಭವಾಗಿ ತಲುಪುವುದಿಲ್ಲ, ಹಾಗಾಗಿ ಸುಡುವುದು ಕಡಿಮೆ. ಆದರೆ ಪ್ರೋಟೀನ್ ಧಾರಾಳವಾಗಿ ಸೋರುತ್ತದೆ, ಮೈಯೆಲ್ಲ ಊದುತ್ತದೆ. ಎರಡೂ ಬದಿಯಲ್ಲಿ ಇರುವವರೂ ಉಂಟು. ಕ್ಲಾಸ್ 6 ಅಂದರೆ ನೂರಕ್ಕೆ 90ಕ್ಕೂ ಹೆಚ್ಚು ಸೋಸುಗಂಟುಗಳು ಕಲೆಗಟ್ಟಿ ಸತ್ತುಹೋಗಿವೆ ಅಂತ. ಅಲ್ಲಿ ಬಲವಾದ ಔಷಧಿ ಕೊಟ್ಟು ಪ್ರಯೋಜನವಿಲ್ಲ, ತೊಂದರೆ ಮಾತ್ರ.

1.4 ಅನುಪಾತ ಇವುಗಳಲ್ಲಿ ಹಲವು ಕ್ಲಾಸ್‌ಗಳಲ್ಲಿ ಬರಬಹುದು. ಸುಮ್ನೆ ಊಹಿಸಿ ಔಷಧಿ ಶುರು ಮಾಡಿದರೆ, ಬೇಡದವರಿಗೆ ವರ್ಷಗಟ್ಟಲೆ ಬಲವಾದ ಮಾತ್ರೆ ನುಂಗಿಸಿದ ಹಾಗಾಗುತ್ತದೆ. ಇಲ್ಲಾ, ಬೇಕಾದವರಿಗೆ ಕೊಡದೆ ಕಿಡ್ನಿ ಕಳೆದ ಹಾಗಾಗುತ್ತದೆ. ಇವೆರಡರ ಮುಂದೆ ಸೂಜಿಯ ಅಪಾಯ ಚಿಕ್ಕದು ಅನ್ನುವುದು ನನ್ನ ಅಭಿಪ್ರಾಯ.

ಆ ಸೂಜಿಯ ಬಗ್ಗೆ ಎರಡು ಮಾತು. ಬೋರಲು ಮಲಗಿಸುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಬೆನ್ನಿನ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಅದು ಚುರ್ ಅನ್ನುತ್ತದೆ, ಆಮೇಲೆ ಒತ್ತಿದ ಹಾಗಷ್ಟೇ ಗೊತ್ತಾಗುತ್ತದೆ. ಉಸಿರು ಹಿಡಿಯಿರಿ ಅನ್ನುತ್ತಾರೆ, ಉಸಿರಾಡಿದರೆ ಕಿಡ್ನಿ ಮೇಲೆ ಕೆಳಗೆ ಸರಿಯುತ್ತದೆ. ಟಕ್ ಅಂತ ಸ್ಟೇಪ್ಲರ್‌ನಂಥ ಶಬ್ದ. ತುಂಬಾ ಜನ ನೋವಿಗಲ್ಲ, ಆ ಶಬ್ದಕ್ಕೆ ಬೆಚ್ಚುತ್ತಾರೆ, ಮೊದಲೇ ತಂಗಿಗೆ ಹೇಳಿಡಿ. ಬರುವುದು ಪೆನ್ಸಿಲ್ ಸೀಸದಷ್ಟು ಸಣ್ಣ, ಒಂದೆರಡು ಸೆಂಟಿಮೀಟರ್ ಉದ್ದದ ಎಳೆ. ಅಂಥವು ಎರಡು ಸಾಕು. ಆಮೇಲೆ ಕೆಲವು ಗಂಟೆ ಅಂಗಾತ ಮಲಗಿರಬೇಕು, ಮೂತ್ರ ಕೆಂಪಾಗುತ್ತದಾ ಅಂತ ನೋಡುತ್ತಾರೆ. ಕೆಲವರಿಗೆ ಸ್ವಲ್ಪ ಕೆಂಪಾಗಿ ತಾನೇ ನಿಲ್ಲುತ್ತದೆ. ರಕ್ತ ಕೊಡಬೇಕಾಗುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ.

ಆ ಎಳೆಯ ಒಂದು ಚೂರನ್ನು ಹೊಳೆಯುವ ಬಣ್ಣ ಹಾಕಿ ಕತ್ತಲ ಕೋಣೆಯಲ್ಲಿ ನೋಡುತ್ತಾರೆ. ಲೂಪಸ್ ಇದ್ದರೆ ಸೋಸುಗಂಟು ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಬೆಳಗುತ್ತದೆ. ಐಜಿಜಿ, ಐಜಿಎ, ಐಜಿಎಂ ಅನ್ನುವ ಆಂಟಿಬಾಡಿಗಳು, ಸಿ3, ಸಿ1ಕ್ಯೂ ಅನ್ನುವ ಕಾಂಪ್ಲಿಮೆಂಟ್‌ಗಳು, ಐದೂ ಒಟ್ಟಿಗೆ ಬೆಳಗಿದರೆ ಅದು ಹೆಚ್ಚುಕಮ್ಮಿ ಲೂಪಸ್‌ನ ರುಜು. ಇಷ್ಟು ವರ್ಷ ನೋಡಿದರೂ ನನಗೆ ಅದು ಚಂದವೇ ಕಾಣುತ್ತದೆ, ಕಾಯಿಲೆಯನ್ನು ಹಾಗನ್ನಬಾರದು, ಇರಲಿ.

ರಿಪೋರ್ಟ್ ಬಂದಾಗ ಕ್ಲಾಸ್ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಇನ್ನೆರಡು ಅಂಕಿ ಕೇಳಿ: ಆಕ್ಟಿವಿಟಿ ಎಷ್ಟು, ಕ್ರಾನಿಸಿಟಿ ಎಷ್ಟು. ಮೊದಲನೆಯದು ಈಗ ಉರಿಯುತ್ತಿರುವ ಬೆಂಕಿ, ಔಷಧಿಯಿಂದ ಆರುತ್ತದೆ. ಎರಡನೆಯದು ಆಗಲೇ ಸುಟ್ಟ ಜಾಗ, ಅದು ವಾಪಸ್ ಬರುವುದಿಲ್ಲ. ಬೇಗ ಮಾಡಿಸಿ ಅಂತ ನಾವು ಒತ್ತಾಯ ಮಾಡುವುದು ಈ ಎರಡನೇ ಅಂಕಿ ಏರದಿರಲಿ ಅಂತ.

ಚಿಕಿತ್ಸೆಗೆ ಬರೋಣ. ಕ್ಲಾಸ್ 3 ಅಥವಾ 4 ಬಂದರೆ ಸಾಮಾನ್ಯವಾಗಿ ಮೊದಲು ಒಂದರಿಂದ ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್, ಆಮೇಲೆ ಮಾತ್ರೆ. ಹಿಂದೆ ದೊಡ್ಡ ಡೋಸನ್ನು ತಿಂಗಳುಗಟ್ಟಲೆ ಕೊಡುತ್ತಿದ್ದೆವು. ಈಗ ಕಡಿಮೆಯಲ್ಲೇ ಶುರು ಮಾಡಿ, ಆರು ತಿಂಗಳೊಳಗೆ ದಿನಕ್ಕೆ 5 ಮಿಲಿಗ್ರಾಂ ಆಸುಪಾಸಿಗೆ ಇಳಿಸಲು ನೋಡುತ್ತೇವೆ. ಜೊತೆಗೆ ರೋಗನಿರೋಧಕ ವ್ಯವಸ್ಥೆಯ ಗಲಾಟೆ ತಗ್ಗಿಸುವ ಮೈಕೋಫೆನೊಲೇಟ್ ಮಾತ್ರೆ, ಅಥವಾ ಸೈಕ್ಲೋಫಾಸ್ಫಮೈಡ್ ಇಂಜೆಕ್ಷನ್. ಎರಡನೆಯದರ ಕಡಿಮೆ ಡೋಸಿನ ಪದ್ಧತಿಯಲ್ಲಿ ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂ, ಒಟ್ಟು ಆರು ಸಲ. ಹೆಸರು ಕೇಳಿ ಕ್ಯಾನ್ಸರ್ ಔಷಧಿ ಅಂತ ಹೆದರುವವರಿದ್ದಾರೆ. ಹೌದು, ಅಲ್ಲಿಯೂ ಬಳಸುತ್ತಾರೆ, ಆದರೆ ಇಲ್ಲಿನ ಡೋಸ್ ತುಂಬಾ ಕಡಿಮೆ. ಟ್ಯಾಕ್ರೋಲಿಮಸ್ ಸೇರಿಸುವುದೂ ಉಂಟು. 2020ರಲ್ಲಿ ಬೆಲಿಮುಮ್ಯಾಬ್, 2021ರಲ್ಲಿ ವೋಕ್ಲೋಸ್ಪೋರಿನ್ ಅನ್ನುವ ಔಷಧಿಗಳಿಗೆ ಅಮೆರಿಕದಲ್ಲಿ ಲೂಪಸ್ ಕಿಡ್ನಿ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿತು. ಅವು ಹಳೇ ಔಷಧಿಯ ಜೊತೆಗೆ ಸೇರಿಸುವಂಥವು.

ಈಗ ತೆಗೆದುಕೊಳ್ಳುತ್ತಿರುವ ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಬೇಡಿ. 'ಅದನ್ನು ತೆಗೆದುಕೊಂಡರೂ ಕಿಡ್ನಿಗೆ ಬಂತಲ್ಲ' ಅಂತ ಸಿಟ್ಟಾಗಿ ಬಿಡುವವರನ್ನು ನೋಡಿದ್ದೇನೆ. ಲೂಪಸ್ ಮತ್ತೆ ಏಳದ ಹಾಗೆ ಹಿಡಿದಿಡುವುದರಲ್ಲಿ ಅದು ಹಳೇ ನಂಬಿಕಸ್ಥ. ದಿನದ ಡೋಸ್ ತೂಕದ ಕಿಲೋಗೆ 5 ಮಿಲಿಗ್ರಾಂ ದಾಟಬಾರದು, ಕಣ್ಣಿನ ಪರೀಕ್ಷೆ ತಪ್ಪಿಸಬಾರದು, ಅಷ್ಟೇ.

ಇನ್ನೊಂದು ಗೊಂದಲ. ತಂಗಿಗೆ ಬಿಪಿ ಸರಿಯಿದ್ದರೂ ಬಿಪಿ ಮಾತ್ರೆ ಬರೆಯಬಹುದು. 'ಪ್ರಿಲ್' ಅಂತಲೋ 'ಸಾರ್ಟಾನ್' ಅಂತಲೋ ಕೊನೆಯಾಗುವ ಹೆಸರಿನ ಮಾತ್ರೆ. ಅದು ಸೋಸುಗಂಟಿನ ಒಳಗಿನ ಒತ್ತಡ ಇಳಿಸಿ ಪ್ರೋಟೀನ್ ಸೋರಿಕೆ ಕಡಿಮೆ ಮಾಡುತ್ತದೆ. ತಪ್ಪಾಗಿ ಬರೆದಿದ್ದಾರೆ ಅಂತ ಬಿಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಪ್ರೋಟೀನ್ ಒಂದೇ ವಾರದಲ್ಲಿ ಇಳಿಯುವುದಿಲ್ಲ. ಮೂರು ತಿಂಗಳಿಗೆ ಕಾಲು ಭಾಗದಷ್ಟು, ಆರು ತಿಂಗಳಿಗೆ ಅರ್ಧದಷ್ಟು ಇಳಿದು, ವರ್ಷದ ಹೊತ್ತಿಗೆ 0.5ರಿಂದ 0.7ರ ಒಳಗೆ ಬಂದರೆ ನಮಗೆ ಖುಷಿ. ಕೆಲವರಿಗೆ ಇನ್ನೂ ತಡವಾಗುತ್ತದೆ. ಇಳಿದ ಮೇಲೂ ಔಷಧಿ ಮುಂದುವರಿಯಬೇಕು, ಒಟ್ಟು ಮೂರು ವರ್ಷಕ್ಕಂತೂ ಕಡಿಮೆಯಿಲ್ಲ. ಕಷ್ಟ ಇರುವುದು ಇಲ್ಲೇ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಒಂಬತ್ತು ತಿಂಗಳಲ್ಲಿ ಪೂರ್ತಿ ಸರಿಯಾಗಿದ್ದಳು. ಸ್ಟೀರಾಯ್ಡ್‌ನಿಂದ ಊದಿದ ಮುಖ ನೋಡಿ ಗೆಳತಿಯರು ಆಡಿಕೊಂಡರು, ಮಾತ್ರೆಯೆಲ್ಲ ಬಿಟ್ಟಳು. ನಾನೂ ಮುಖದ ಬಗ್ಗೆ ಒಂದು ಮಾತು ಕೇಳಿರಲಿಲ್ಲ, ರಿಪೋರ್ಟ್ ಚೆನ್ನಾಗಿದೆ ಅಂತ ಕಳಿಸಿದ್ದೆ. ವರ್ಷದ ಮೇಲೆ ಕಾಲು ಊದಿಕೊಂಡು ಬಂದಾಗ ಎರಡನೇ ಬಯಾಪ್ಸಿಯಲ್ಲಿ ಮೊದಲು ಇಲ್ಲದ ಕಲೆ ಇತ್ತು. ಈಗ ಎಲ್ಲರನ್ನೂ ನಾನೇ ಮೊದಲು ಕೇಳುತ್ತೇನೆ: ಮುಖ ಊದಿದೆಯಾ, ಬೇಜಾರಾಗಿದೆಯಾ? ಡೋಸ್ ಇಳಿದ ಹಾಗೆ ಮುಖವೂ ಇಳಿಯುತ್ತದೆ. ಸ್ಟೀರಾಯ್ಡನ್ನು ತಾನಾಗಿ ಒಮ್ಮೆಲೇ ನಿಲ್ಲಿಸುವುದು ಕಿಡ್ನಿಗಷ್ಟೇ ಅಲ್ಲ, ಜೀವಕ್ಕೇ ಅಪಾಯ.

ಡಯಾಲಿಸಿಸ್ ಆಗುತ್ತದಾ? ಲೂಪಸ್ ಕಿಡ್ನಿಗೆ ಬಂದವರಲ್ಲಿ ಹತ್ತು ವರ್ಷದೊಳಗೆ ಕಿಡ್ನಿ ಪೂರ್ತಿ ಸೋಲುವುದು ನೂರರಲ್ಲಿ 5ರಿಂದ 20 ಜನಕ್ಕೆ. ಕ್ಲಾಸ್ 4ರಲ್ಲಿ, ತಡವಾಗಿ ಬಂದವರಲ್ಲಿ, ಔಷಧಿ ಬಿಟ್ಟವರಲ್ಲಿ ಅದು ಜಾಸ್ತಿ. ನಿಮ್ಮ ತಂಗಿಯ ವಿಷಯದಲ್ಲಿ ಊತವಿಲ್ಲದೆ, ಕ್ರಿಯೇಟಿನಿನ್ ಏರುವ ಮುಂಚೆ ಸಿಕ್ಕಿದೆ. ಒಳ್ಳೆಯ ಗುಂಪಿನಲ್ಲಿರುವ ಸಾಧ್ಯತೆಯೇ ಜಾಸ್ತಿ, ಆದರೆ ಬಯಾಪ್ಸಿ ನೋಡದೆ ನಾನು ಮಾತು ಕೊಡುವುದಿಲ್ಲ. ಕಿಡ್ನಿ ಸೋತವರಿಗೂ ಕಸಿ ಮಾಡಬಹುದು. ಹೊಸ ಕಿಡ್ನಿಗೆ ಲೂಪಸ್ ಮತ್ತೆ ಬಂದು ಅದನ್ನು ಹಾಳುಮಾಡುವುದು ಅಪರೂಪ.

ಮದುವೆ ಆಗಬಹುದು. ಮಕ್ಕಳೂ ಆಗಬಹುದು, ಆದರೆ ಪ್ಲಾನ್ ಮಾಡಿಯೇ ಆಗಬೇಕು. ಕಾಯಿಲೆ ಕನಿಷ್ಠ ಆರು ತಿಂಗಳು ತಣ್ಣಗಿರಬೇಕು. ಮೈಕೋಫೆನೊಲೇಟ್, ಸೈಕ್ಲೋಫಾಸ್ಫಮೈಡ್, ಪ್ರಿಲ್-ಸಾರ್ಟಾನ್ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಆಗುವುದಿಲ್ಲ. ಮೊದಲೇ ಅಜಥಯೋಪ್ರಿನ್‌ನಂಥ ಔಷಧಿಗೆ ಬದಲಾಯಿಸಿ, ಅದರ ಮೇಲೂ ಕಾಯಿಲೆ ತಣ್ಣಗಿದೆ ಅಂತ ನೋಡಿಕೊಳ್ಳುತ್ತೇವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಸುರಿನಲ್ಲೂ ಮುಂದುವರಿಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫಾಸ್ಫೋಲಿಪಿಡ್ ಆಂಟಿಬಾಡಿ, ಮಗುವಿನ ಹೃದಯದ ಬಡಿತಕ್ಕೆ ತೊಂದರೆ ಕೊಡಬಲ್ಲ ಆಂಟಿ ರೋ, ಇವೆರಡರ ಪರೀಕ್ಷೆ ಮೊದಲೇ ಆಗಿರಬೇಕು. ಮದುವೆಯಾಗುವ ಹುಡುಗನಿಗೆ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟವರು ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ಕೊನೆಗೆ ನುಂಗುವುದನ್ನೇ ಬಿಡುತ್ತಾರೆ.

ಮನೆಯಲ್ಲಿ ಮಾಡುವುದು ಜಾಸ್ತಿ ಏನಿಲ್ಲ. ಉಪ್ಪು ದಿನಕ್ಕೆ ಒಂದು ಟೀ ಚಮಚ ದಾಟದಿರಲಿ. ಬಿಪಿ ಮೆಷಿನ್ ಒಂದು ಇಟ್ಟುಕೊಳ್ಳಿ, 130/80ರ ಒಳಗಿರಬೇಕು. ಪ್ರೋಟೀನ್ ಹೋಗುತ್ತಿದೆ ಅಂತ ಪ್ರೋಟೀನ್ ಪುಡಿ ತಿನ್ನಿಸಬೇಡಿ. ನೀರು ಜಾಸ್ತಿ ಕುಡಿದರೆ ಸೋರಿಕೆ ನಿಲ್ಲುವುದೂ ಇಲ್ಲ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದ ಗಿಡಮೂಲಿಕೆ ಪುಡಿಯಿಂದ ದೂರವಿರಿ. ಬಿಸಿಲು ತಗಲಿದರೆ ಲೂಪಸ್ ಏಳುತ್ತದೆ, ಮೈ ಮುಚ್ಚುವ ಬಟ್ಟೆ, ಸನ್‌ಸ್ಕ್ರೀನ್ ಇರಲಿ. ಲಸಿಕೆ ಯಾವುದು ಹಾಕಿಸಬೇಕು ಅಂತ ಬಲವಾದ ಔಷಧಿ ಶುರುವಾಗುವ ಮುಂಚೆಯೇ ಕೇಳಿ. ಆಮೇಲೆ ಜೀವಂತ ಲಸಿಕೆಗಳನ್ನು ಕೊಡಲಾಗುವುದಿಲ್ಲ.

ಮೂತ್ರದಲ್ಲಿ ನೊರೆ ಎದ್ದು ನೀರು ಹಾಕಿದರೂ ಬೇಗ ಹೋಗದಿದ್ದರೆ, ಬೆಳಗ್ಗೆ ಎದ್ದಾಗ ರೆಪ್ಪೆ ಊದಿದ್ದರೆ, ಸಂಜೆ ಕಾಲುಚೀಲದ ಗುರುತು ಆಳವಾಗಿ ಬಿದ್ದಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹೋಗಿ. ಇವು ಯಾವುದೂ ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ತಪ್ಪಬಾರದು.

ಬಯಾಪ್ಸಿಗೆ ದಿನ ಗೊತ್ತುಮಾಡುವಾಗ ಅವಳು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆಗಲೇ ಹೇಳಿ. ಅದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ಮತ್ತೆ, ಎರಡು ವರ್ಷದ ಹಳೇ ರಿಪೋರ್ಟುಗಳ ಫೈಲು ಜೊತೆಗೆ ಒಯ್ಯುವುದನ್ನು ಮರೆಯಬೇಡಿ.